ಹೆಡ್‌ಲೈಟಿಗೆ ಎಷ್ಟು ಬೆಳಕು ಬೇಕು?

ಕಾರಿನ ಹೆಡ್‌ಲೈಟಿಗೆ ಹೆಚ್ಚು ಪ್ರಖರವಾದ ಬಲ್ಬು ಹಾಕಿಸಿದರೆ ರಾತ್ರಿ ದಾರಿ ಚೆನ್ನಾಗಿ ಕಾಣುತ್ತದೆ ಎಂಬುದು ಮೇಲ್ನೋಟಕ್ಕೆ ವಾದವೇ ಬೇಡದ ಮಾತು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಂತೂ ಈ ಮಾತಿಗೆ ಬೇಗ ಒಪ್ಪಿಗೆ ಸಿಗುತ್ತದೆ. ಪೇಟೆ ದಾಟಿದರೆ ಬೀದಿದೀಪ ಅಪರೂಪ. ತೀರ್ಥಹಳ್ಳಿಯಿಂದ ಆಗುಂಬೆಗೆ, ಮಾಸ್ತಿಕಟ್ಟೆಯಿಂದ ಹುಲಿಕಲ್ ಘಾಟಿಗೆ, ನಗರದಿಂದ ನಿಟ್ಟೂರು, ನಾಗೋಡಿ ಮೂಲಕ ಕೊಲ್ಲೂರಿಗೆ, ತಾಳಗುಪ್ಪ ದಾಟಿ ಗೇರುಸೊಪ್ಪೆಯ ಕಡೆಗೆ ಇಳಿಯುವ ರಸ್ತೆಗಳಲ್ಲಿ ರಾತ್ರಿ ಹೊತ್ತು ಗಾಡಿಯ ದೀಪ ಬಿಟ್ಟರೆ ಬೇರೆ ಬೆಳಕಿಲ್ಲ. ಆದ್ದರಿಂದ ಬಿಳಿ ಎಲ್‌ಇಡಿ ಬಲ್ಬಿನ ಜೋಡಿಗೆ ಇಲ್ಲಿ ಒಳ್ಳೆಯ ವ್ಯಾಪಾರವಿದ್ದರೆ ಆಶ್ಚರ್ಯಪಡಬೇಕಿಲ್ಲ. ಆದರೆ ಬೆಳಕು ಹೆಚ್ಚುವುದು ಬೇರೆ, ಕಾಣುವುದು ಹೆಚ್ಚುವುದು ಬೇರೆ. ಮಲೆನಾಡಿನ ರಸ್ತೆಯಲ್ಲಿ ಇವೆರಡರ ನಡುವಿನ ಅಂತರ ಬಯಲುಸೀಮೆಗಿಂತ ದೊಡ್ಡದು.

ಒಣಗಿದ ಡಾಂಬರಿನ ಮೇಲೆ ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ. ಅದರಲ್ಲಿ ಒಂದು ಪಾಲು ಚಾಲಕನ ಕಣ್ಣಿಗೆ ಮರಳುತ್ತದೆ. ನೀರು ನಿಂತ ರಸ್ತೆ ಹಾಗಲ್ಲ. ಬಿದ್ದ ಬೆಳಕನ್ನು ಮುಂದಕ್ಕೇ ಹಾಯಿಸುತ್ತದೆ. ಸ್ವಂತ ದೀಪ ಉರಿಯುತ್ತಿದೆಯೋ ಇಲ್ಲವೋ ಎಂಬ ಅನುಮಾನ ಮಳೆಯ ರಾತ್ರಿ ಹುಟ್ಟುವುದು ಇದರಿಂದಲೇ. ಹಾಗೆ ಮುಂದಕ್ಕೆ ಹಾಯ್ದ ಬೆಳಕು ಎದುರಿನಿಂದ ಬರುವವನ ಕಣ್ಣಿಗೆ ರಸ್ತೆಯ ಮೇಲಿಂದಲೂ ಹೊಡೆಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಒಣಗಿರುವ ರಾತ್ರಿಗಳೇ ಕಡಿಮೆ. ಅದರ ಮೇಲೆ ಮಂಜು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಗಾಡಿಯ ಮುಂದೆ ಯಾರೋ ಬಿಳಿ ಪಂಚೆ ಹಿಡಿದು ನಿಂತಂತಾಗುತ್ತದೆ. ಬಲ್ಬು ಎಷ್ಟು ಪ್ರಖರವೋ ಪಂಚೆ ಅಷ್ಟು ಬಿಳುಪು.

ಬಲ್ಬು ಬದಲಿಸುವ ಮೊದಲು ಅದರ ಕೆಲಸ ತಿಳಿದಿರಬೇಕು. ಆಲ್ಟೊ, ವ್ಯಾಗನ್‌ಆರ್, ಬೊಲೆರೊಗಳಂಥ ಗಾಡಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಎಚ್4 ಹ್ಯಾಲೋಜನ್ ಬಲ್ಬು. ಅದರಲ್ಲಿ ಎರಡು ತಂತಿಗಳಿವೆ: ಹೈ ಬೀಮ್‌ಗೆ 60 ವ್ಯಾಟಿನದು, ಲೋ ಬೀಮ್‌ಗೆ 55 ವ್ಯಾಟಿನದು. ಲೋ ಬೀಮಿನ ತಂತಿಯ ಕೆಳಗೆ ಪುಟ್ಟ ಬಟ್ಟಲಿನಂಥ ಲೋಹದ ತಗಡು ಇದೆ. ಕೆಳಗೆ ಹೋಗುವ ಬೆಳಕನ್ನು ಅದು ತಡೆಯುವುದರಿಂದ ಪ್ರತಿಫಲಕದ ಮೇಲಿನ ಅರ್ಧ ಮಾತ್ರ ಕೆಲಸ ಮಾಡಿ, ಬೆಳಕನ್ನು ಕೆಳಗೆ ರಸ್ತೆಯತ್ತ ಬಗ್ಗಿಸುತ್ತದೆ. ಎಡಬದಿ ಸಂಚಾರದ ನಮ್ಮಲ್ಲಿ ಆ ಬೆಳಕಿನ ಮೇಲಂಚು ಬಲಕ್ಕೆ, ಅಂದರೆ ಎದುರು ವಾಹನ ಬರುವ ಕಡೆಗೆ, ತಗ್ಗಿರುತ್ತದೆ. ಎಡಕ್ಕೆ ಓರೆಯಾಗಿ ಏರಿ ರಸ್ತೆಯಂಚನ್ನೂ ಚರಂಡಿಯನ್ನೂ ತೋರಿಸುತ್ತದೆ. ಈ ಇಡೀ ಲೆಕ್ಕ ನಿಂತಿರುವುದು ಕೆಲವೇ ಮಿಲಿಮೀಟರ್ ಉದ್ದದ ತಂತಿ ತನ್ನ ಜಾಗದಲ್ಲೇ ಇರುತ್ತದೆ ಎಂಬ ನಂಬಿಕೆಯ ಮೇಲೆ.

ಅದೇ ಹೋಲ್ಡರಿಗೆ ಎಲ್‌ಇಡಿ ಬಲ್ಬು ಕೂಡಿಸಿದಾಗ ಕೆಡುವುದು ಈ ಲೆಕ್ಕ. ದುಂಡನೆಯ ತಂತಿ ಸುತ್ತಲೂ ಬೆಳಕು ಬೀರುತ್ತಿದ್ದ ಕಡೆ ಈಗ ಚಪ್ಪಟೆ ಪಟ್ಟಿಯ ಎರಡು ಮೈಗೆ ಅಂಟಿದ ಎಲ್‌ಇಡಿ ಚಿಪ್‌ಗಳಿವೆ. ಬೆಳಕಿನ ಒಟ್ಟು ಪ್ರಮಾಣ ಹೆಚ್ಚಿರಬಹುದು, ಆದರೆ ಅದು ಹೋಗಬೇಕಾದಲ್ಲಿಗೆ ಹೋಗುವುದಿಲ್ಲ. ಒಂದಿಷ್ಟು ಮೇಲಕ್ಕೆ ಚೆಲ್ಲಿ ಮರದ ಕೊಂಬೆಗಳನ್ನು ಬೆಳಗುತ್ತದೆ, ಇನ್ನೊಂದಿಷ್ಟು ಬಂಪರಿನ ಮುಂದೆಯೇ ಸುರಿಯುತ್ತದೆ. ಹತ್ತಿರದ ಈ ಹೊಳಪೇ ಮೋಸ ಮಾಡುವುದು. ಮುಂದಿನ ಹತ್ತು ಮೀಟರ್ ಹಗಲಿನಂತೆ ಬೆಳಗಿದಾಗ ಕಣ್ಣಿನ ಪಾಪೆ ಕಿರಿದಾಗುತ್ತದೆ. ಐವತ್ತು ಮೀಟರಿನಾಚೆ ನಿಂತ ಕಾಟಿ (ಕಾಡುಕೋಣ) ಮೊದಲಿಗಿಂತ ಕಡಿಮೆ ಕಾಣುತ್ತದೆ. ಕಾಟಿಯ ಕಪ್ಪು ಮೈ ಬೆಳಕನ್ನು ನುಂಗುವಂಥದು. ಲೋ ಬೀಮಿನಲ್ಲಿ ಮೊದಲು ಕಾಣುವುದು ಅದರ ಕಾಲಿನ ಬಿಳಿ ಮಾತ್ರ, ಅದೂ ಬೆಳಕು ದೂರಕ್ಕೆ, ತಗ್ಗಿನಲ್ಲಿ ಹೋಗುತ್ತಿದ್ದರೆ. ಹಾಕಿಸಿದವನು ಮಾತ್ರ ಬಂಪರಿನ ಮುಂದಿನ ಹೊಳಪನ್ನು ನೋಡಿ ದುಡ್ಡು ದಂಡವಾಗಲಿಲ್ಲ ಎಂದುಕೊಳ್ಳುತ್ತಾನೆ.

ಮಳೆನಾಡಿಗೆ ಸಂಬಂಧಿಸಿದ ಇನ್ನೊಂದು ತೊಡಕನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಇಂಥ ಅನೇಕ ಎಲ್‌ಇಡಿ ಬಲ್ಬುಗಳ ಹಿಂಬದಿಯಲ್ಲಿ ಶಾಖ ತೆಗೆಯುವ ಪುಟ್ಟ ಫ್ಯಾನ್ ಇರುತ್ತದೆ. ಅದು ಉದ್ದವಾಗಿ ಹೊರಚಾಚಿಕೊಂಡಿದ್ದರೆ ಹೆಡ್‌ಲೈಟಿನ ಹಿಂದಿನ ರಬ್ಬರ್ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಮುಚ್ಚಳ ಕತ್ತರಿಸಿ ಹೊಂದಿಸಿದ ಗಾಡಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ದೀಪದೊಳಗೆ ಹಬೆ ಕಟ್ಟಿ, ಪ್ರತಿಫಲಕದ ಬೆಳ್ಳಿಮೈ ಮಂಕಾಗತೊಡಗುತ್ತದೆ. ಆಮೇಲೆ ಹಳೆಯ ಬಲ್ಬನ್ನೇ ಮರಳಿ ಹಾಕಿದರೂ ಹಳೆಯ ಬೆಳಕು ಬರುವುದಿಲ್ಲ.

ಇದು ಎಲ್‌ಇಡಿಯ ಮೇಲಿನ ದೂರಲ್ಲ. ಕಾರ್ಖಾನೆಯಲ್ಲೇ ಎಲ್‌ಇಡಿಗೆಂದು ರೂಪಿಸಿದ ದೀಪಗಳು ಹ್ಯಾಲೋಜನ್ನಿಗಿಂತ ಚೆನ್ನಾಗಿ ದಾರಿ ತೋರಿಸಬಲ್ಲವು, ಏಕೆಂದರೆ ಅಲ್ಲಿ ಚಿಪ್‌ಗೆ ತಕ್ಕ ಮಸೂರವೂ ಪ್ರತಿಫಲಕವೂ ಇರುತ್ತವೆ. ಹಳೆಯ ದೀಪಕ್ಕೆ ಎಲ್‌ಇಡಿ ಬಲ್ಬು ಕೂಡಿಸಲು ಜರ್ಮನಿ 2020ರಲ್ಲಿ ಮೊದಲ ಬಾರಿಗೆ ಒಪ್ಪಿಗೆ ಕೊಟ್ಟಾಗಲೂ ಅದು ಎಲ್ಲ ಗಾಡಿಗೂ ಅನ್ವಯಿಸುವ ಒಪ್ಪಿಗೆಯಾಗಿರಲಿಲ್ಲ. ಇಂಥ ಬಲ್ಬು ಇಂಥ ಮಾದರಿಯ ಕಾರಿನ ಇಂಥ ದೀಪದಲ್ಲಿ ಎಂದು ಪರೀಕ್ಷಿಸಿ ಕೊಟ್ಟ ಪಟ್ಟಿಯಾಗಿತ್ತು. ನೋಡಬೇಕಾದದ್ದು ಬಲ್ಬು ಮತ್ತು ದೀಪದ ಜೋಡಿಯನ್ನು, ಬಲ್ಬೊಂದನ್ನೇ ಅಲ್ಲ.

ಹಾಗಾದರೆ ಮಂಕಾದ ಹೆಡ್‌ಲೈಟಿಗೆ ಮದ್ದೇನು? ಹೆಚ್ಚಿನ ಹಳೆಯ ಗಾಡಿಗಳಲ್ಲಿ ತಪ್ಪು ಬಲ್ಬಿನದ್ದಲ್ಲ, ಅದಕ್ಕೆ ಸೇರುವ ಕರೆಂಟಿನದು. ಹ್ಯಾಲೋಜನ್ ಬಲ್ಬಿನ ಬೆಳಕು ವೋಲ್ಟೇಜಿಗೆ ಸಮನಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. ಶೇ 10ರಷ್ಟು ವೋಲ್ಟೇಜ್ ದಾರಿಯಲ್ಲಿ ಕಳೆದರೆ ಬೆಳಕಿನಲ್ಲಿ ಸುಮಾರು ಶೇ 30 ಹೋಗುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದು ಬಲ್ಬಿನ ಪಿನ್ನಿನಲ್ಲಿ 12.5 ಮಾತ್ರ ಸಿಕ್ಕರೆ ಮೂರರಲ್ಲೊಂದು ಪಾಲು ಬೆಳಕು ವೈರಿನಲ್ಲೇ ಮುಗಿದಿದೆ ಎಂದರ್ಥ. ವರ್ಷಗಟ್ಟಲೆ ಥಂಡಿಯಲ್ಲಿ ನಿಂತ ಗಾಡಿಯ ಬಾನೆಟ್ ಎತ್ತಿ ಅರ್ಥ್ ವೈರಿನ ಬೋಲ್ಟು ಬಿಚ್ಚಿದರೆ ಅಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ, ಇಲ್ಲವೇ ತುಕ್ಕು. ಅದನ್ನು ಉಜ್ಜಿ ತೆಗೆದು, ಹೋಲ್ಡರ್ ಕರಗಿದ್ದರೆ ಬದಲಿಸಿ, ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ರಿಲೇ ಮೂಲಕ ಬಲ್ಬಿಗೆ ಕರೆಂಟು ಕೊಡಿಸಿದರೆ ಕಂಪನಿಯ ಬಲ್ಬೇ ಹೊಸದಾಗಿ ಉರಿಯುತ್ತದೆ. ಮೆಕ್ಯಾನಿಕ್ಕಿಗೆ ಇದು ಅರ್ಧ ದಿನದ ಕೆಲಸ. ಅಂಗಡಿಗೆ ಲಾಭ ತರುವ ಕೆಲಸವಲ್ಲ, ಹಾಗಾಗಿ ಸಲಹೆಯಾಗಿಯೂ ಬರುವುದಿಲ್ಲ.

ಇದನ್ನು ಬಿಟ್ಟು 100/90 ವ್ಯಾಟಿನ ಬಲ್ಬು ಹಾಕುವ ಹಳೆಯ ಚಾಳಿ ಇನ್ನೂ ಇದೆ. 60 ವ್ಯಾಟಿನ ಜೋಡಿ ಬಲ್ಬು 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆದರೆ 100 ವ್ಯಾಟಿನದು 16 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಮೊದಲೇ ಸೊರಗಿದ ವೈರಿಂಗಿನಲ್ಲಿ ವೋಲ್ಟೇಜ್ ಇನ್ನಷ್ಟು ಇಳಿದು, ಸ್ವಿಚ್ಚು ಕಾದು, ನಿರೀಕ್ಷಿಸಿದ ಬೆಳಕೂ ಸಿಗುವುದಿಲ್ಲ. ಅದೇ 60/55 ವ್ಯಾಟಿನಲ್ಲಿ ತಂತಿ, ಅನಿಲದ ಒತ್ತಡ ಸುಧಾರಿಸಿ ಮಾಡಿದ ದುಬಾರಿ ಹ್ಯಾಲೋಜನ್ ಬಲ್ಬುಗಳು ಬೇರೆ ಮಾತು. ಅವು ನಿಜಕ್ಕೂ ಸ್ವಲ್ಪ ದೂರ ತೋರಿಸುತ್ತವೆ, ಬೇಗ ಸುಟ್ಟೂ ಹೋಗುತ್ತವೆ. ನೀಲಿ ಬಣ್ಣ ಬಳಿದ ಬಲ್ಬಿನಿಂದ ಮಾತ್ರ ಲಾಭವಿಲ್ಲ. ಆ ಬಣ್ಣ ಬೆಳಕನ್ನು ತಡೆಯುತ್ತದೆಯೇ ಹೊರತು ಕೊಡುವುದಿಲ್ಲ.

ದೀಪದ ಮುಂಗಾಜೂ ಲೆಕ್ಕಕ್ಕೆ ಬರಬೇಕು. ಈಗಿನದು ಗಾಜಲ್ಲ, ಪಾಲಿಕಾರ್ಬೊನೇಟ್, ಬಿಸಿಲಿಗೆ ಹಳದಿಗಟ್ಟುತ್ತದೆ. ಹೀಗೆ ಮಸುಕಾದ ದೀಪಗಳು ಹೊಸದರ ಐದರಲ್ಲೊಂದು ಪಾಲು ಬೆಳಕು ಮಾತ್ರ ಕೊಡುತ್ತವೆ ಎಂದು ಅಮೆರಿಕದ ವಾಹನ ಬಳಕೆದಾರರ ಸಂಘ ಎಎಎ 2018ರಲ್ಲಿ ಪರೀಕ್ಷಿಸಿ ಹೇಳಿತು. ಅಂಥ ಗಾಜನ್ನು ಪಾಲಿಶ್ ಮಾಡಿಸುವುದು, ಇಲ್ಲವೇ ಬದಲಿಸುವುದು ಯಾವ ಬಲ್ಬಿಗಿಂತಲೂ ಹೆಚ್ಚು ಫಲ ಕೊಡುತ್ತದೆ.

ಇನ್ನು ಗುರಿ. ಹಿಂದಿನ ಸೀಟು ಮಡಚಿ ಅಡಿಕೆ ಮೂಟೆ ತುಂಬಿದಾಗ ಗಾಡಿಯ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ. ಲೋ ಬೀಮ್ ಹೈ ಬೀಮಿನಷ್ಟೇ ಎತ್ತರಕ್ಕೆ ಹೊಡೆಯುತ್ತದೆ. ಅನೇಕ ಕಾರುಗಳಲ್ಲಿ ಇದಕ್ಕೆಂದೇ ಸ್ಟಿಯರಿಂಗಿನ ಪಕ್ಕ 0ಯಿಂದ 3ರವರೆಗೆ ಅಂಕಿಯಿರುವ ಪುಟ್ಟ ಚಕ್ರವಿದೆ. ಅದನ್ನು ಒಮ್ಮೆಯೂ ತಿರುಗಿಸದೆ ಗಾಡಿ ಮಾರಿದವರು ಬಹಳ. ಗುರಿ ನೋಡಲು ಯಂತ್ರವೇ ಬೇಕೆಂದಿಲ್ಲ. ಅಡಿಕೆ ಒಣಗಿಸುವ ಅಂಗಳದಂಥ ಸಮತಟ್ಟು ಜಾಗದಲ್ಲಿ, ಗೋಡೆಯಿಂದ 10 ಮೀಟರ್ ದೂರದಲ್ಲಿ ಗಾಡಿ ನಿಲ್ಲಿಸಿ ದೀಪದ ನಡುವಿನ ಎತ್ತರವನ್ನು ಗೋಡೆಯ ಮೇಲೆ ಗುರುತಿಸಬೇಕು. ಲೋ ಬೀಮಿನ ಮೇಲಂಚು ಆ ಗುರುತಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬಿದ್ದರೆ ಸರಿ. ಎಡ ಬಲ ದೀಪಗಳ ಅಂಚು ಒಂದೇ ಮಟ್ಟದಲ್ಲಿರುವ ಹಳೆಯ ಗಾಡಿ ಸಿಗುವುದು ಕಡಿಮೆ.

ಮಂಜಿಗೆ ಹಳದಿ ಬೆಳಕೇ ಸರಿ ಎಂಬ ನಂಬಿಕೆ ಘಾಟಿಯ ಚಾಲಕರಲ್ಲಿ ಗಟ್ಟಿಯಾಗಿದೆ. ದೀಪಕ್ಕೆ ಹಳದಿ ಕಾಗದ ಅಂಟಿಸಿಕೊಂಡು ಇಳಿಯುವವರೂ ಇದ್ದಾರೆ. ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಬಹಳ ದೊಡ್ಡವು. ಅವು ಹಳದಿಯನ್ನೂ ನೀಲಿಯನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಹಳದಿ ಬೆಳಕು ಮಂಜನ್ನು ತೂರಿಕೊಂಡು ಹೋಗುವುದಿಲ್ಲ, ಕಣ್ಣಿಗೆ ಕಡಿಮೆ ಚುಚ್ಚುತ್ತದೆ ಅಷ್ಟೆ. ಫಾಗ್ ಲ್ಯಾಂಪು ಉಪಯೋಗಕ್ಕೆ ಬರುವುದು ಅದು ಬಂಪರಿನ ಕೆಳಗೆ, ಚಾಲಕನ ದೃಷ್ಟಿಯಿಂದ ದೂರದಲ್ಲಿದ್ದು, ಅಗಲವಾಗಿ ನೆಲಕ್ಕೆ ಬೆಳಕು ಹರಡುವುದರಿಂದ. ಕ್ಯಾರಿಯರಿನ ಮೇಲೆ ಸಾಲಾಗಿ ಕಟ್ಟಿದ ದೀಪಗಳು ಮಂಜಿನಲ್ಲಿ ಇದಕ್ಕೆ ನೇರ ವಿರುದ್ಧದ ಕೆಲಸ ಮಾಡುತ್ತವೆ.

ಎದುರಿನವನು ಎಲ್‌ಇಡಿ ಹಾಕಿರುವಾಗ ತಾನೊಬ್ಬ ಹ್ಯಾಲೋಜನ್ ಇಟ್ಟುಕೊಂಡರೆ ಕುರುಡಾಗುವವನು ತಾನೇ ಎಂಬ ವಾದ ಗಟ್ಟಿಯಾದದ್ದು. ಅದರಲ್ಲಿ ನಿಜವಿದೆ, ಆದರೆ ಪೂರ್ತಿ ನಿಜವಿಲ್ಲ. ತನ್ನ ದೀಪ ಎಷ್ಟು ಪ್ರಖರವಾದರೂ ಎದುರಿನ ಬೆಳಕು ಕಣ್ಣೊಳಗೆ ಎಬ್ಬಿಸಿದ ಮಬ್ಬು ಕರಗುವುದಿಲ್ಲ. ಎದುರಿನವನಂತೂ ಅಷ್ಟೇ ಕುರುಡಾಗುತ್ತಾನೆ. ಒಂದು ಬಸ್ಸು ಒಂದು ಕಾರು ಕಷ್ಟಪಟ್ಟು ಹಾಯುವ ಹುಲಿಕಲ್ ಘಾಟಿಯ ತಿರುವಿನಲ್ಲಿ ಕಣ್ಣು ಕಾಣದ ಬಸ್ ಚಾಲಕನಿಂದ ಅಪಾಯ ಇರುವುದು ಬೆಳಕು ಬೀರಿದ ಕಾರಿಗೇ. ವಯಸ್ಸಾದ ಕಣ್ಣಿಗೆ ಈ ಮಬ್ಬಿನಿಂದ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಕಾರಿಗೆ ಏನು ಹಾಕಿಸಿಕೊಳ್ಳುವುದೂ ಮಾಲೀಕನ ಇಷ್ಟ ಎಂಬ ಮಾತು ಸೀಟಿನ ಕವರಿಗೆ ಸರಿ, ಹೆಡ್‌ಲೈಟಿಗೆ ಸಲ್ಲದು.

ಕಾನೂನೂ ಇದನ್ನೇ ಹಿಡಿದಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದಂತೆ, ದೀಪದ ಮುಂದೆ 8 ಮೀಟರ್ ದೂರದಲ್ಲಿ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕೋರೈಸಬಾರದು. ನಿಯಮ ಅಳೆಯುವುದು ವ್ಯಾಟನ್ನಲ್ಲ, ಎದುರಿನವನ ಕಣ್ಣನ್ನು. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ರಾಜ್ಯದಾದ್ಯಂತ ಪ್ರಕರಣ ದಾಖಲಿಸತೊಡಗಿದರು. ಬಲ್ಬು ಮಾರುವ ಅಂಗಡಿಯ ತನಕ ಇಂಥ ಕ್ರಮ ಹೋಗದಿದ್ದರೆ ದಂಡ ಕಟ್ಟಿದವನು ಮರುದಿನ ಅದೇ ಬಲ್ಬು ಉರಿಸುವುದನ್ನು ತಡೆಯುವುದು ಕಷ್ಟ.

ಎಲ್ಲವನ್ನೂ ಸರಿಪಡಿಸಿದ ಮೇಲೂ ಲೋ ಬೀಮ್ ಉಪಯುಕ್ತವಾಗಿ ತೋರಿಸುವುದು ಸುಮಾರು 50–60 ಮೀಟರ್ ದಾರಿ. ಒದ್ದೆ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದ ಕಾರು, ಚಾಲಕ ಕಂಡು ಬ್ರೇಕ್ ಒತ್ತುವ ಒಂದೂವರೆ ಸೆಕೆಂಡನ್ನೂ ಸೇರಿಸಿ, ನಿಲ್ಲಲು ಹತ್ತಿರ ಹತ್ತಿರ 60 ಮೀಟರ್ ತೆಗೆದುಕೊಳ್ಳುತ್ತದೆ. 40ರ ವೇಗದಲ್ಲಿ ಸುಮಾರು 32 ಮೀಟರ್ ಸಾಕು. ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲಿ ಈ ಲೆಕ್ಕವೂ ನಡೆಯುವುದಿಲ್ಲ. ಅಲ್ಲಿ ಹೆಡ್‌ಲೈಟು ನೋಡುವುದು ಗಾಡಿಯ ಮೂತಿ ಇರುವ ಕಡೆಗೆ, ಅಂದರೆ ಕಣಿವೆಯ ಕಡೆಗೆ. ರಸ್ತೆ ಹೊರಳಿದ ಕಡೆಗೆ ಯಾವ ಬಲ್ಬಿನ ಬೆಳಕೂ ಬೀಳುವುದಿಲ್ಲ. ತಿರುವಿನಾಚೆಯ ಗಾಡಿಯ ಸುಳಿವು ಕೊಡುವುದು ಬಂಡೆಗೋ ಮರಗಳಿಗೋ ಬಿದ್ದ ಅದರ ಬೆಳಕು. ಕೆಳಗಿನಿಂದ ಹತ್ತುವ ವಾಹನಕ್ಕೆ ದಾರಿ ಬಿಡಬೇಕಾದ್ದು ನಿಯಮ, ಹಾಗಾಗಿ ಆ ಸುಳಿವು ಕಂಡ ಕೂಡಲೇ ಇಳಿಯುವವನು ಡಿಪ್ ಮಾಡಿ ತಿರುವಿಗಿಂತ ಮೊದಲೇ ಎಡಕ್ಕೆ ಸರಿದು ನಿಲ್ಲಬೇಕಾಗುತ್ತದೆ.