ಬಾಡಿಗಿ ರೊಕ್ಕ ಐತಿ, ಬಾಗಿಲ ಎಲ್ಲೈತಿ?



2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಸವದತ್ತಿ, ರಾಮದುರ್ಗ ತಾಲೂಕುಗಳ ಹೊಳೆದಂಡೆಯ ಮನೆಗಳನ್ನು ಕೆಡವಿದಳು. ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಅಲ್ಲಿತನಕ ಬಾಡಿಗೆ ಮನೆಗೆ ತಿಂಗಳಿಗೆ 5,000 ರೂಪಾಯಿ ಎಂದು ಸರ್ಕಾರ ಸಾರಿತು. ಕೊಟ್ಟದ್ದನ್ನು ನಾವು ಹಳಿಯುವುದಿಲ್ಲ. ಆದರೆ ಆ ರೊಕ್ಕಕ್ಕೆ ಬಾಗಿಲು ತೆಗೆಯುವವರು ಯಾರು?

ಊರೊಳಗಿನ ಮಾಲಕ ಮೊದಲು ಕೇಳೋದು ಬಾಡಿಗಿ ಅಲ್ಲ, "ನೀವು ಯಾವ ಮಂದಿ?" ಅಂತ. ಕೇರಿ ಹೆಸರು ಹೇಳಿದರ ಖಾಲಿ ಮನಿನೂ ತುಂಬಿಬಿಡತೈತಿ. 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದ ಬಾಬಾಸಾಹೇಬರಿಗೆ ಪದವಿ ಇತ್ತು, ಪಗಾರ ಇತ್ತು. ಇರಲು ಸೂರು ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ಹೊರದಬ್ಬಿದರು. ನೂರು ವರ್ಷ ದಾಟಿದರೂ ಬಾಗಿಲಿಗೆ ಹಾಕಿದ ಕೀಲಿ ಅದೇ ಐತಿ.

ಮನೆ ಸಿಕ್ಕಿತೆಂದೇ ಇಟ್ಟುಕೊಳ್ಳಿ. 100 ಮನೆತನಗಳ ತಿಂಗಳ ಬಾಡಿಗೆ 5 ಲಕ್ಷ. ಸರ್ಕಾರವೇ ಕಟ್ಟಿದ ಬೆಲೆಯಲ್ಲಿ ಅದು ಒಂದು ಮನೆ. ತಿಂಗಳಿಗೊಂದು ಮನೆ ಮಾಲಕರ ಕಿಸೆ ಸೇರುತ್ತದೆ, ವರ್ಷಕ್ಕೆ ಹನ್ನೆರಡು. ಬಡವನ ಹೆಸರಿಗೆ ಒಂದು ಇಟ್ಟಂಗಿಯೂ ಉಳಿಯುವುದಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸಂಗಾತಿಗಳು ಕೂಡಿ ಕೇಳಬೇಕು: ಬಾಡಿಗೆ ಕೊಡುವುದಾದರೆ ತಹಶೀಲ್ದಾರರೇ ಕರಾರು ಮಾಡಿ ಮನೆ ಹಿಡಿದು ಹಂಚಲಿ, ಜಾತಿ ಕೇಳಿದ ಮಾಲಕನಿಗೆ ಸರ್ಕಾರದ ಒಂದು ಪೈಸೆಯೂ ಮುಟ್ಟಬಾರದು. ಮಳೆಗಾಲ ಬರುವ ಮೊದಲೇ, ಹೊಳೆ ಏರದ ಎತ್ತರದಾಗ, ಊರಿಗೆ ಹತ್ತಿಯೇ ನಮ್ಮ ಹೆಸರಿಗೆ ಜಾಗ ಕೊಡಲಿ. ಹಕ್ಕುಪತ್ರ ಕೈಗೆ ಬರೋತನಕ ನಾವು ಕಚೇರಿ ಮುಂದಿನ ಕಟ್ಟಿ ಬಿಟ್ಟು ಏಳಬಾರದು.