ಬೋಂಡಾ ಬದಲು ಸುಟ್ಟ ಅನಾನಸ್ ಏಕಾಗಬಾರದು?

ಸಂಜೆ ಮನೆಗೆ ನೆಂಟರು ಬಂದರೆ ನಮ್ಮಲ್ಲಿ ಎಣ್ಣೆ ಬಾಣಲೆ ಒಲೆಯೇರುವುದು ವಾಡಿಕೆ. ಊಟಕ್ಕೆ ಇನ್ನೂ ಒಂದು ಗಂಟೆಯಿರುತ್ತದೆ. ಅಷ್ಟರೊಳಗೆ ಬೋಂಡಾ, ಬಜ್ಜಿ, ಇಲ್ಲವೇ ಪೊಟ್ಟಣದ ಚಿಪ್ಸ್ ತಟ್ಟೆಗೆ ಬರುತ್ತವೆ. ಬಂದವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ರಕ್ತದ ಒತ್ತಡ. ಆದರೂ ‘ಒಂದೇ ಒಂದು ತೊಗೊಳ್ಳಿ’ ಎಂಬ ಒತ್ತಾಯ ತಪ್ಪುವುದಿಲ್ಲ. ಬೇಡವೆಂದರೆ ಮನೆಯವರಿಗೆ ಬೇಸರ, ತಿಂದರೆ ತಮ್ಮ ಆರೋಗ್ಯಕ್ಕೆ ಕುತ್ತು. ಈ ಇಕ್ಕಟ್ಟಿನಿಂದ ಇಬ್ಬರನ್ನೂ ಪಾರುಮಾಡುವ ಸುಲಭದ ತಿನಿಸೊಂದಿದೆ. ಅದೇ ಸುಟ್ಟ ಹಣ್ಣು.

‘ಹಣ್ಣನ್ನು ಸುಡುವುದೇ?’ ಎಂದು ಹುಬ್ಬೇರಿಸಬೇಡಿ. ಫ್ರಾನ್ಸ್, ಇಟಲಿಗಳಲ್ಲಿ ಪೇರ್ ಮತ್ತು ಅಂಜೂರವನ್ನು ಓವನ್ನಿನಲ್ಲಿ ಬೇಯಿಸಿ ಚೀಸ್ ಜೊತೆ ಬಡಿಸುವುದುಂಟು. ನಮಗೂ ಇದು ತೀರಾ ಹೊಸತಲ್ಲ. ಅನಾನಸ್ ಗೊಜ್ಜು, ಕರಾವಳಿಯ ಮೆಣಸ್ಕಾಯಿ ಇವೆಲ್ಲ ಹಣ್ಣನ್ನು ಬೆಂಕಿಗಿಟ್ಟು ಮಾಡಿದ ಅಡುಗೆಗಳೇ. ಬಾಳೆಹಣ್ಣನ್ನು ಸಿಪ್ಪೆ ಸಹಿತ ಕೆಂಡದಲ್ಲಿ ಸುಟ್ಟು ತಿಂದವರೂ ನಮ್ಮಲ್ಲಿದ್ದಾರೆ. ಈಗ ಬೇಕಾಗಿರುವುದು ದೋಸೆ ಕಾವಲಿ ಮಾತ್ರ.

ಬೆಂಕಿ ಏನು ಮಾಡುತ್ತದೆ?

ಅನಾನಸ್ಸಿನಲ್ಲಿ ನೂರಕ್ಕೆ ಸುಮಾರು 86 ಭಾಗ ನೀರು. ಕಾವಲಿಯ ಮೇಲೆ ಈ ನೀರು ಸ್ವಲ್ಪ ಆವಿಯಾಗಿ ಹೋಗುತ್ತದೆ, ಹಣ್ಣಿನದೇ ಸಕ್ಕರೆ ಒತ್ತಾಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದಲೇ ಮೇಲೆ ಸಕ್ಕರೆ, ಬೆಲ್ಲ, ಜೇನು ಸುರಿಯುವ ಅಗತ್ಯ ಬೀಳುವುದಿಲ್ಲ. ನಾರಿನಂಶ ಹಾಗೆಯೇ ಉಳಿಯುತ್ತದೆ, ಆದರೆ ಹಣ್ಣು ಮೆತ್ತಗಾಗುತ್ತದೆ. ಹಲ್ಲು ದುರ್ಬಲವಾಗಿ ಸೇಬು, ಸೀಬೆ ಬಿಟ್ಟೇಬಿಟ್ಟಿರುವ ಮನೆಯ ಹಿರಿಯರಿಗೆ ಇದೊಂದು ದೊಡ್ಡ ಅನುಕೂಲ.

ಅನಾನಸ್ಸಿನ ವಿಷಯದಲ್ಲಿ ಇನ್ನೊಂದು ಲಾಭವೂ ಇದೆ. ಹಸಿ ಹಣ್ಣು ತಿಂದಾಗ ನಾಲಿಗೆ ಚುರುಗುಟ್ಟುತ್ತದಲ್ಲವೇ? ಹಣ್ಣಿನ ಹುಳಿಯ ಜೊತೆಗೆ ಅದರಲ್ಲಿರುವ ಬ್ರೋಮಿಲೇನ್ ಎಂಬ ಕಿಣ್ವವೂ ಅದಕ್ಕೆ ಕಾರಣ. ಪ್ರೋಟೀನನ್ನು ಒಡೆಯುವುದು ಈ ಕಿಣ್ವದ ಕೆಲಸ. ಹಸಿ ಅನಾನಸ್ಸನ್ನು ಹಾಲು, ಪನೀರಿನೊಡನೆ ಬೆರೆಸಿಟ್ಟರೆ ಕಹಿಯಾಗುವುದೂ ಇದರಿಂದಲೇ. ಹಣ್ಣು ಒಳಗಿನವರೆಗೆ ಚೆನ್ನಾಗಿ ಬಿಸಿಯಾದರೆ ಈ ಕಿಣ್ವ ಕೆಲಸ ನಿಲ್ಲಿಸುತ್ತದೆ. ಆಗ ಪನೀರಿನ ಜೊತೆ ಅದು ಚೆನ್ನಾಗಿ ಹೊಂದುತ್ತದೆ.

ನಷ್ಟವೇ ಇಲ್ಲವೆನ್ನಲಾಗದು. ‘ಸಿ’ ಜೀವಸತ್ವ ಬಿಸಿಗೆ ನಾಶವಾಗುವಂಥದ್ದು. ಆದ್ದರಿಂದ ಅದರ ಭಂಡಾರದಂತಿರುವ ಸೀಬೆಯನ್ನು ಹಸಿಯಾಗಿಯೇ ತಿನ್ನುವುದು ಮೇಲು. ಆದರೆ ಇಲ್ಲಿ ಒಂದು ಮಾತನ್ನು ಮರೆಯಬಾರದು. ಬೆಳಗ್ಗೆ ತಿನ್ನುವ ಹಸಿ ಹಣ್ಣಿನ ಬದಲಿಗೆ ಸುಟ್ಟ ಹಣ್ಣು ತಿನ್ನಿರೆಂದು ನಾನು ಹೇಳುತ್ತಿಲ್ಲ. ಸಂಜೆಯ ಬೋಂಡಾದ ಬದಲಿಗೆ ತಿನ್ನಿ ಎನ್ನುತ್ತಿದ್ದೇನೆ. ಹೋಲಿಕೆ ಮಾಡುವುದಾದರೆ ಬೋಂಡಾದೊಡನೆಯೇ ಮಾಡಬೇಕು. 100 ಗ್ರಾಂ ಅನಾನಸ್ಸಿನಲ್ಲಿರುವುದು ಸುಮಾರು 50 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯೊಂದರಲ್ಲೇ 120 ಕ್ಯಾಲೊರಿ ಇರುತ್ತದೆ!

ಚೀಸ್ ಯಾವುದು?

ಅಂಗಡಿಯಲ್ಲಿ ಹಾಳೆ ಹಾಳೆಯಾಗಿ ಸಿಗುವ ಸಂಸ್ಕರಿಸಿದ ಚೀಸ್ ಈ ಕೆಲಸಕ್ಕೆ ಬೇಡ. ಅದರ ಒಂದು ಹಾಳೆಯಲ್ಲಿ ಸುಮಾರು ಅರ್ಧ ಗ್ರಾಂ ಉಪ್ಪಿರುವುದು ಸಾಮಾನ್ಯ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಸಾರುಗಳಲ್ಲೇ ಆ ಮಿತಿ ದಾಟುವ ನಮಗೆ ಇನ್ನೊಂದು ಉಪ್ಪಿನ ದಾರಿ ಏಕೆ?

ಪನೀರನ್ನು ಮನೆಯಲ್ಲೇ ಮಾಡಿಕೊಳ್ಳಿ. ಒಂದು ಲೀಟರ್ ಹಾಲು ಕುದಿಸಿ, ನಿಂಬೆರಸ ಹಿಂಡಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ಮೇಲೆ ಭಾರವಿಟ್ಟರೆ 150ರಿಂದ 200 ಗ್ರಾಂ ಪನೀರು ಸಿಗುತ್ತದೆ. ಉಪ್ಪನ್ನು ಹಾಕುವುದೋ ಬಿಡುವುದೋ ನಿಮ್ಮ ಕೈಯಲ್ಲೇ ಇರುತ್ತದೆ. ಅಂದು ಮಾಡಿದ್ದನ್ನು ಅಂದೇ ಮುಗಿಸುವುದು ಒಳ್ಳೆಯದು. ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವ ಪನೀರನ್ನು ಬೇಯಿಸದೆ ತಿನ್ನಬೇಡಿ. ಗರ್ಭಿಣಿಯರು ಕಾಯಿಸದ ಹಾಲಿನ ಚೀಸ್ ಹಾಗೂ ನೀಲಿ ಗೆರೆಯ ಮೆದು ಚೀಸ್‌ನಿಂದ ದೂರವಿರಬೇಕು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಅವುಗಳಲ್ಲಿದ್ದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ.

ಹಾಲು, ಹಣ್ಣು ಜೊತೆಗೂಡಬಾರದೆಂಬುದು ಆಯುರ್ವೇದದ ಹಳೆಯ ಮಾತು. ಅದನ್ನು ಪಾಲಿಸುವ ಮನೆಯಲ್ಲಿ ಪನೀರಿನ ಜಾಗಕ್ಕೆ ಹುರಿದ ಶೇಂಗಾ ಇಟ್ಟರಾಯಿತು. ಅದರಲ್ಲೂ ಪ್ರೋಟೀನಿದೆ.

ಮಾಡುವ ಬಗೆ

ಅನಾನಸ್ಸನ್ನು ಅರ್ಧ ಬೆರಳು ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ. ಕಾವಲಿಗೆ ಅರ್ಧ ಚಮಚ ತುಪ್ಪ ಸವರಿ, ಮಧ್ಯಮ ಉರಿಯಲ್ಲಿ ಒಂದೊಂದು ಬದಿಯನ್ನೂ ಮೂರು ನಾಲ್ಕು ನಿಮಿಷ ಸುಡಿ. ಇಳಿಸಿದ ಮೇಲೆ ಕಾಳುಮೆಣಸಿನ ಪುಡಿ, ಹುರಿದ ಜೀರಿಗೆ ಪುಡಿ ಉದುರಿಸಿ, ಪಕ್ಕದಲ್ಲಿ ಬೆರಳುದ್ದದ ಪನೀರ್ ತುಂಡಿಡಿ. ನೇಂದ್ರ ಬಾಳೆ, ಅಂಜೂರ, ಸೇಬು, ಪೇರ್ ಎಲ್ಲಕ್ಕೂ ಇದೇ ಕ್ರಮ. ಹಣ್ಣು ಗಟ್ಟಿಯಾಗಿರಬೇಕು, ತೀರಾ ಕಳಿತದ್ದು ಕಾವಲಿಯಲ್ಲಿ ಮುದ್ದೆಯಾಗುತ್ತದೆ. ಕರಕಲಾದ ಅಂಚು ಕತ್ತರಿಸಿ ಎಸೆಯಿರಿ.

ಯಾರಿಗೆ ಎಷ್ಟು?

ಸಕ್ಕರೆ ಕಾಯಿಲೆಯವರು ಇಲ್ಲಿ ಎಚ್ಚರ ವಹಿಸಬೇಕು. ಹಣ್ಣು ಸುಟ್ಟಾಗ ತೂಕ ಇಳಿಯುತ್ತದೆ, ಸಕ್ಕರೆ ಇಳಿಯುವುದಿಲ್ಲ. 100 ಗ್ರಾಂ ಅನಾನಸ್ಸಿನಲ್ಲಿ ಸುಮಾರು 10 ಗ್ರಾಂ ಸಕ್ಕರೆಯಿದೆ. ಅದು ಸುಟ್ಟು 70 ಗ್ರಾಂ ಆದರೂ ಸಕ್ಕರೆ ಸುಮಾರು ಅಷ್ಟೇ! ಆದ್ದರಿಂದ ಸುಡುವ ಮೊದಲೇ ಅಳತೆ ಮಾಡಿ, ಎರಡು ತೆಳು ಬಿಲ್ಲೆಗೆ ನಿಲ್ಲಿಸಿ. ಜೊತೆಯಲ್ಲಿ ಪನೀರ್ ತಿಂದರೆ ಅದರ ಪ್ರೋಟೀನು, ಕೊಬ್ಬುಗಳಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ತುಸು ನಿಧಾನವಾಗುತ್ತದೆ. ಹಾಗೆಂದು ಎರಡರ ಜಾಗದಲ್ಲಿ ಆರು ಬಿಲ್ಲೆ ತಿನ್ನುವ ರಿಯಾಯಿತಿ ಸಿಕ್ಕಿತೆಂದುಕೊಳ್ಳಬೇಡಿ. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಿಯಲ್ಲಿರುವವರು ಬಾಳೆಹಣ್ಣನ್ನು ಸುಟ್ಟರೂ ಪೊಟ್ಯಾಸಿಯಂ ಹೋಗುವುದಿಲ್ಲವೆಂದು ತಿಳಿದಿರಬೇಕು. ಅಂಥವರು ವೈದ್ಯರನ್ನು ಕೇಳಿಯೇ ತಿನ್ನಲಿ.

ಉಳಿದವರಿಗೆ ಇದು ಒಳ್ಳೆಯ ಅವಕಾಶ. ದಿನಕ್ಕೆ 100 ಗ್ರಾಂ ಹಣ್ಣು ತಿನ್ನಿರೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ತನ್ನ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ಹಣ್ಣೆಂದರೆ ಮುಖ ತಿರುಗಿಸುವ ಮಕ್ಕಳೂ ಕಾವಲಿಯಿಂದ ಘಮಘಮಿಸುತ್ತ ಬರುವ ಬಿಸಿ ಬಿಲ್ಲೆಯನ್ನು ಒಮ್ಮೆಯಾದರೂ ಬಾಯಿಗಿಟ್ಟು ನೋಡುತ್ತಾರೆ.

ಆತಿಥ್ಯದ ಗುಣ ಎಣ್ಣೆಯ ಪ್ರಮಾಣದಲ್ಲಿಲ್ಲ. ಬಂದವರು ಸಂಕೋಚವಿಲ್ಲದೆ ಕೈಚಾಚಿ ತಿನ್ನುವಂತಿದ್ದರೆ ಅದೇ ನಿಜವಾದ ಉಪಚಾರ. ಮುಂದಿನ ಭಾನುವಾರ ಮನೆಗೆ ಯಾರಾದರೂ ಬರುವವರಿದ್ದರೆ ಬಾಣಲೆಗೆ ರಜೆ ಕೊಟ್ಟು ಕಾವಲಿ ಬಿಸಿಮಾಡಿ. ‘ಇನ್ನೊಂದು ತೊಗೊಳ್ಳಿ’ ಎಂದು ಮಾತ್ರ ಒತ್ತಾಯಿಸಬೇಡಿ.