ಎರಡು ಲಕ್ಷಕ್ಕೆ ಸೈಟು ಸರಿ, ಕಾಗದ ಎಲ್ಲಿದೆ?

ಹಬ್ಬ ಹತ್ತಿರ ಬಂದರೆ ಸಾಕು, ನಮ್ಮೂರುಗಳ ವಾಟ್ಸಾಪ್ ಗ್ರೂಪಿಗೆ ಒಂದೇ ಥರದ ವಿಡಿಯೋಗಳು ಬಂದು ಬೀಳುತ್ತವೆ. ಕೆಂಪು ಮಣ್ಣಿನ ಬಯಲು, ಸುಣ್ಣ ಬಳಿದ ಕಲ್ಲುಗಳು, ನಡುವೆ ಕೂಲಿಂಗ್ ಗ್ಲಾಸ್ ಹಾಕಿದ ಒಬ್ಬ. "ಬರೀ 50 ಸಾವಿರ ಅಡ್ವಾನ್ಸ್, ಉಳಿದದ್ದು ಕಂತಿನಲ್ಲಿ, ಹೈವೇಗೆ ಐದೇ ನಿಮಿಷ!" ಬಡವರೂ ರಿಯಲ್ ಎಸ್ಟೇಟಿಗೆ ಇಳಿಯಬಹುದು ಅಂತ ಇವನು ಪಾಠ ಮಾಡುತ್ತಾನೆ. ನಾವು ಇದನ್ನು ಬಲೆ ಅಂತಲೇ ಕರೆಯುತ್ತೇವೆ.

ಆ ಸೈಟು ಯಾಕೆ ಅಷ್ಟು ಅಗ್ಗ? ಒಂದು ಎಕರೆ ಅಂದರೆ 43,560 ಚದರ ಅಡಿ. ರಸ್ತೆ, ಪಾರ್ಕಿಗೆ ಸರಿಯಾಗಿ ಜಾಗ ಬಿಟ್ಟರೆ 30x40ರ ಸೈಟು ಇಪ್ಪತ್ತರ ಆಸುಪಾಸು ಆಗುತ್ತವೆ. ಟ್ರ್ಯಾಕ್ಟರ್ ತಿರುಗಿಸಲೂ ಆಗದ ಓಣಿ ಎಳೆದು ಮುಗಿಸಿದರೆ ಮೂವತ್ತರ ಹತ್ತಿರ. ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಭೂ ಕಂದಾಯ ಕಾಯ್ದೆಯ 95ನೇ ಕಲಂನಂತೆ ಪರಿವರ್ತನೆ ಆಗಬೇಕು, ಅದನ್ನೂ ಮಾಡಿಸಿರುವುದಿಲ್ಲ. ನಕ್ಷೆಗೆ ಅನುಮೋದನೆ ಇಲ್ಲ, ಚರಂಡಿ ಇಲ್ಲ. ಇಷ್ಟೆಲ್ಲ ಇಲ್ಲಗಳಲ್ಲಿ ಉಳಿಸಿದ ದುಡ್ಡಿನ ಒಂದು ಚೂರನ್ನು ನಿಮಗೆ 'ಆಫರ್' ಅಂತ ಕೊಡುತ್ತಾರೆ.

ನಮ್ಮಲ್ಲೊಬ್ಬಳ ಅಪ್ಪ ಇದ್ದ ನಾಲ್ಕು ಹಸುಗಳಲ್ಲಿ ಎರಡನ್ನು ಮಾರಿ ಅಡ್ವಾನ್ಸ್ ಕೊಟ್ಟರು. ಉಳಿದೆರಡರ ಹಾಲಿನ ದುಡ್ಡಲ್ಲಿ ಮೂರು ವರ್ಷ ಕಂತು ಕಟ್ಟಿದರು. ಕೈಗೆ ಬಂದದ್ದು ಛಾಪಾ ಕಾಗದದ ಮೇಲೆ ಬರೆದ ಕರಾರು, ಜೊತೆಗೊಂದು ಜಿಪಿಎ. ರಿಜಿಸ್ಟ್ರಿ ಕೇಳಿದರೆ "ಮುಂದಿನ ತಿಂಗಳು ಅಣ್ಣ". ಕೊನೆಗೆ ಪಹಣಿ ತೆಗೆಸಿದರೆ ಅದರಲ್ಲಿ ಇನ್ನೂ ಹಳೇ ರೈತನ ಹೆಸರು, ಪಕ್ಕದಲ್ಲಿ ಅವನ ಬೆಳೆ ಸಾಲ. "ಜಾಗ ಎಲ್ಲಿಗೂ ಓಡಿ ಹೋಗಲ್ಲ ಬಿಡು ಮಗಳೇ" ಅಂತ ಅಪ್ಪ ಈಗಲೂ ಅನ್ನುತ್ತಾರೆ. ನಿಜ, ಜಾಗ ಅಲ್ಲೇ ಇದೆ. ಈ ಸಲ ರಾಗಿ ಚೆನ್ನಾಗಿ ಬಂದಿದೆ, ಹಳೇ ರೈತನಿಗೆ.

ಜಿಪಿಎ, ಕರಾರುಗಳಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ. ಯೋಜನಾ ಪ್ರದೇಶದೊಳಗೆ 500 ಚದರ ಮೀಟರ್ ದಾಟಿದ ಲೇಔಟನ್ನು ರೇರಾ ನೋಂದಣಿ ಇಲ್ಲದೆ ಜಾಹೀರಾತು ಮಾಡುವಂತೆಯೇ ಇಲ್ಲ. ನೋಂದಾಯಿತ ಕರಾರು ಮಾಡಿಕೊಡದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಕಾನೂನು ಇದೆ, ವಿಡಿಯೋಗಳೂ ಬರುತ್ತಲೇ ಇವೆ.

ಮೋಸ ಹೋದವರನ್ನು ಆಸೆಬುರುಕರು ಅಂತ ಪೇಟೆಯವರು ಆಡಿಕೊಳ್ಳುತ್ತಾರೆ. ಮಗಳ ಹೆಸರಲ್ಲಿ ಒಂದು ತುಂಡು ಜಾಗ ಇರಲಿ ಅನ್ನುವುದು ದುರಾಸೆಯೇ? ಬ್ರೋಕರ್ ಕೂಡ ಹೊರಗಿನವನಲ್ಲ. ಮದುವೆ ಮನೆಯಲ್ಲಿ ಪಕ್ಕದಲ್ಲೇ ಕೂತು ಊಟ ಮಾಡುವ ಹುಡುಗ. ಅದಕ್ಕೇ ಯಾರೂ ಕಾಗದ ಕೇಳುವುದಿಲ್ಲ, ಸಂಕೋಚ.

ಹಾಗಾದರೆ ಕಡಿಮೆ ದುಡ್ಡಿನವರು ಎಲ್ಲಿಂದ ಶುರು ಮಾಡಬೇಕು? ಸ್ವಂತ ಮನೆಯಿಂದ. ನಿಮ್ಮ ಹೊಲದ ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದೆಯಾ? ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ ಪೌತಿ ಖಾತೆ ಮಾಡಿಸಿ. ಮನೆ ಜಾಗಕ್ಕೆ ಪಂಚಾಯ್ತಿಯಲ್ಲಿ ಇ-ಸ್ವತ್ತು ಮಾಡಿಸಿ. ಓಡಾಟ ಇದೆ, ಸಿಟ್ಟೂ ಬರುತ್ತದೆ. ಆದರೆ ಆ ಅಡ್ವಾನ್ಸಿನ ಒಂದು ಮೂಲೆಯೂ ಖರ್ಚಾಗುವುದಿಲ್ಲ.

ಆಮೇಲೂ ದುಡ್ಡು ಉಳಿದರೆ ಸೈಟು ನೋಡಿ. ಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ನಮೂನೆ 9 ಮತ್ತು 11ಎ, ಇಸಿ ಕೇಳಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾ ಅಂತಲೂ ಕೇಳಿ. 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಕೊಂಡರೆ ನಿಲ್ಲುವುದಿಲ್ಲ.

ಈ ಕಾಗದಗಳ ಫೋಟೋ ಕಳಿಸಿ ಅಂತ ನಾವು ಕಳೆದ ತಿಂಗಳು ಮೂವರು ವಿಡಿಯೋದವರಿಗೆ ಮೆಸೇಜ್ ಹಾಕಿದೆವು. ಒಬ್ಬ ಬ್ಲಾಕ್ ಮಾಡಿದ. ಇನ್ನೊಬ್ಬ "ಮೊದಲು ಟೋಕನ್ ಹಾಕಿ" ಅಂದ. ಮೂರನೆಯವನು ಯುಗಾದಿ ಆಫರಿನ ಹೊಸ ವಿಡಿಯೋ ಕಳಿಸಿದ.